ಜಲಜಮ್ಮನ ಇಪ್ಪತ್ನಾಲ್ಕು ಜೇಬುಗಳು

ಹತ್ತಕ್ಕೆ ಹತ್ತು. ಒಂಬತ್ತಲ್ಲ, ಒಂಬತ್ತೂವರೆಯೂ ಅಲ್ಲ. ಅಮೆರಿಕದಲ್ಲಿ ಕೂತು, ಭೂತಗನ್ನಡಿ ಹಿಡಿದು, ಆಟಗಾರರ ಚಿತ್ರವಿರುವ ಕಾರ್ಡುಗಳಿಗೆ ಮಾರ್ಕ್ಸ್ ಹಾಕುವ ಜನ ಜಲಜಮ್ಮ ಕಳಿಸಿದ ಕಾರ್ಡಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದರು. 1996ನೇ ಇಸವಿಯ ಒಂದು ಬುಧವಾರ ಸಿಂಗಪುರದ ಬೆಡೋಕ್‌ನ ತನ್ನ ಪುಟ್ಟ ಕಾರ್ಡಿನ ಅಂಗಡಿಯಲ್ಲಿ ಕ್ವೆಕ್ ಪಾರ್ಸೆಲ್ ಬಿಚ್ಚಿ, ಅದರೊಳಗಿನ ಲೇಬಲ್ ಓದಿ, ಇನ್ನೊಂದು ಸಲ ಓದಿ, ಕನ್ನಡಕ ತೆಗೆದು ಒರೆಸಿ ಮೂರನೇ ಸಲ ಓದಿದ. ಆಮೇಲೆ, ''ಆಂಟಿ, ಮೊದಲು ಕೂತ್ಕೊಳ್ಳಿ ಲಾ'' ಎಂದ. ಅವನು ಆಡಿದ್ದು ಸಿಂಗಪುರದ ಇಂಗ್ಲಿಷ್; ಕನ್ನಡಕ್ಕೆ ತಂದರೂ ಆ 'ಲಾ' ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ.

ಜಲಜಮ್ಮ ಕೂರಲಿಲ್ಲ. ಐವತ್ಮೂರು ವರ್ಷದ ಹೆಂಗಸು, ವಾಯಿಲ್ ಸೀರೆ, ಕೈಯಲ್ಲಿ ಮಾರ್ಕೆಟ್ಟಿನ ಚೀಲ, ಚೀಲದಿಂದ ಇಣುಕುತ್ತಿದ್ದ ನುಗ್ಗೇಕಾಯಿ. ಅಂಗಡಿಯಲ್ಲಿದ್ದ ಐದಾರು ಗಂಡಸರು ನೋಡುತ್ತಿದ್ದಂತೆ ಆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಗಂಡಸರ ಮುಖ ಸಪ್ಪಗಾಯಿತು. ಆಗಬೇಕಾದ್ದೇ. ಅವರೆಲ್ಲ ದೊಡ್ಡ ದೊಡ್ಡ ಆಟಗಾರರ ಕಾರ್ಡುಗಳನ್ನು ಕಳಿಸಿ ಏಳು, ಎಂಟು, ಪುಣ್ಯವಿದ್ದರೆ ಒಂಬತ್ತು ತರಿಸಿಕೊಂಡವರು. ಜಲಜಮ್ಮ ಕಳಿಸಿದ್ದು ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ, ವರ್ಷಪೂರ್ತಿ ಬೆಂಚಿನ ಮೇಲೆ ಕೂತಿದ್ದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ಕಾರ್ಡು. ಹತ್ತು ಬಂದದ್ದು ಅವನಿಗೆ.

ಈ ಹುಚ್ಚು ಹಿಡಿದದ್ದು ಹೇಗೆ ಎಂದು ಹೇಳಬೇಕು. ಜಲಜಮ್ಮ ಮೈಸೂರಿನವರು. ಗಂಡ ಗುಂಡಪ್ಪ ಇಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಾರೆ. ಮನೆ ಬುಕಿತ್ ಬಾಟೋಕ್‌ನ ಹನ್ನೊಂದನೇ ಮಹಡಿ. ಮಗಳು ಸಂಹಿತಾ ಸ್ಕೂಲಿನಲ್ಲಿದ್ದಾಗ ಎಲ್ಲರಂತೆ ಬಾಸ್ಕೆಟ್‌ಬಾಲ್ ಕಾರ್ಡು ಕೂಡಿಟ್ಟು, ಯೂನಿವರ್ಸಿಟಿಗೆ ಸೇರಿದ ವಾರ ಎರಡು ಶೂ ಡಬ್ಬಿ ತುಂಬ ಕಾರ್ಡುಗಳನ್ನು ಕಸದ ಚೀಲದ ಪಕ್ಕ ಇಟ್ಟಳು. ಜಲಜಮ್ಮನಿಗೆ ಯಾವುದನ್ನೂ ಎಸೆದು ಗೊತ್ತಿಲ್ಲ. ಊಟವಾದ ಮೇಲೆ ನೆಲದ ಮೇಲೆ ಚಾಪೆ ಹಾಸಿ, ಬಣ್ಣಬಣ್ಣದ ಬನಿಯನ್ನಿನ ಆ ಉದ್ದುದ್ದ ಹುಡುಗರನ್ನು ತಂಡತಂಡವಾಗಿ ಜೋಡಿಸಿದರು. ಜೋಡಿಸಿ ಹಿಂಬದಿ ತಿರುಗಿಸಿದರು. ಹಿಂಬದಿಯಲ್ಲಿ ಆ ಹುಡುಗ ಎಷ್ಟು ಪಂದ್ಯ ಆಡಿದ, ಎಷ್ಟು ಸಲ ಬುಟ್ಟಿಗೆ ಹಾಕಿದ, ಎಷ್ಟು ಸಲ ತಪ್ಪಿದ, ಎಲ್ಲ ಅಚ್ಚಾಗಿತ್ತು. ಜಲಜಮ್ಮ ಕಾಲೇಜಿನಲ್ಲಿ ಮೂರು ವರ್ಷ ಥ್ರೋಬಾಲ್ ಆಡಿದವರು, ಕಡೆಯ ವರ್ಷ ಕ್ಯಾಪ್ಟನ್. ಎಷ್ಟು ಪಾಯಿಂಟು ತಂದರೋ ಯಾವ ಪುಣ್ಯಾತ್ಮನೂ ಬರೆದಿಡಲಿಲ್ಲ. ತಪ್ಪಿದ ಎಸೆತವನ್ನೂ ಬಿಡದೆ ಬರೆದಿಟ್ಟಿದ್ದಾರಲ್ಲ ಎಂದು ಎರಡೂ ಡಬ್ಬಿ ಮುಗಿಯುವವರೆಗೆ ಓದಿದರು. ಅವತ್ತಿನಿಂದ ಶುರು.

ಬೆಳಿಗ್ಗೆ ಹೊತ್ತು ಟೀವಿಯಲ್ಲಿ ಅಮೆರಿಕದ ಪಂದ್ಯ ಬರುತ್ತಿತ್ತು. ಹುರುಳೀಕಾಯಿ ಸೋಸುತ್ತಾ ನೋಡುವುದು, ಆಟಗಾರರಿಗೆ ತಮ್ಮದೇ ಹೆಸರಿಡುವುದು: ಒಬ್ಬ ಮುಂಗೋಪಿ, ಒಬ್ಬ ಗೂಬೆಕಣ್ಣ, ಒಬ್ಬ ಸೋಮಾರಿ ಸುಬ್ಬ. ಮುಂದೆ ಹತ್ತು ತಂದ ಬೆಂಚಿನವನಿಗೆ ಅವರಿಟ್ಟ ಹೆಸರು ಬೀಗರು. ಮದುವೆಮನೆಯಲ್ಲಿ ಬೀಗರು ಕೂತ ಹಾಗೆ ಕಾಲು ಚಾಚಿ ಕೂತಿರುತ್ತಾನೆ, ಆದರೆ ಪ್ರತಿ ಸಲ ತನ್ನವರು ಆಟ ನಿಲ್ಲಿಸಿ ಬಂದಾಗ ಮೊದಲು ಎದ್ದು ಟವೆಲ್ ಕೊಡುವವನು ಅವನೇ. ''ಇವ್ನು ನೋಡ್ರೀ, ಎಷ್ಟು ಒಳ್ಳೇ ಮಗು'' ಎಂದರೆ ಗುಂಡಪ್ಪ ಪೇಪರಿನಿಂದ ತಲೆ ಎತ್ತದೆ, ''ಆರು ಅಡಿ ಒಂಬತ್ತು ಇಂಚಿನ ಮಗು'' ಎನ್ನುತ್ತಿದ್ದರು.

ಕ್ವೆಕ್‌ನ ಅಂಗಡಿಗೆ ಪ್ರತಿ ಬುಧವಾರ ಪ್ರಯಾಣ. ಜುರಾಂಗ್ ಈಸ್ಟ್‌ನಲ್ಲಿ ಟ್ರೈನ್ ಬದಲಿಸಿ, ದ್ವೀಪದ ಈ ತುದಿಯಿಂದ ಆ ತುದಿಗೆ. ಗ್ರೇಡಿಂಗ್ ಎಂಬುದರ ಬಗ್ಗೆ ಅಲ್ಲಿಯೇ ತಿಳಿದದ್ದು. ಕಾರ್ಡಿನ ನಾಲ್ಕು ಮೂಲೆ, ನಾಲ್ಕು ಅಂಚು, ಚಿತ್ರ ನಡುಮಧ್ಯ ಕೂತಿದೆಯೇ, ಮೇಲ್ಮೈಗೆ ಗೀರು ಬಿದ್ದಿದೆಯೇ, ಎಲ್ಲ ಪರೀಕ್ಷೆ ಮಾಡಿ ಅಂಕ ಕೊಟ್ಟು, ಅಂಕದ ಲೇಬಲ್ಲಿನ ಜೊತೆ ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಶಾಶ್ವತವಾಗಿ ಸೀಲ್ ಮಾಡಿ ಕಳಿಸುತ್ತಾರೆ. ಅದಕ್ಕೆ ಸ್ಲ್ಯಾಬ್ ಎಂದು ಹೆಸರು. ಸ್ಲ್ಯಾಬ್ ಒಡೆದರೆ ಅಂಕ ಹೋಯಿತು. ಒಳಗಿನ ಕಾರ್ಡು ಮತ್ತೆ ಬರೀ ಕಾರ್ಡು.

ಮಾರ್ಕ್ಸ್ ತರಿಸಿಕೊಂಡದ್ದೇನೋ ಆಯಿತು, ಇಡುವುದೆಲ್ಲಿ? ಇಲ್ಲಿಂದ ಜಲಜಮ್ಮನ ನಿಜವಾದ ಪ್ರತಾಪ ಶುರುವಾಗುವುದು. ಸಾಮಾನ್ಯ ಕಾರ್ಡಿಗೆ ಬೈಂಡರ್ ಸಿಗುತ್ತಿತ್ತು, ಪುಟಕ್ಕೆ ಒಂಬತ್ತು ಜೇಬು. ಬೆರಳು ದಪ್ಪದ ಸ್ಲ್ಯಾಬು ಅದರೊಳಗೆ ಎಲ್ಲಿ ಹೋಗಬೇಕು. ಅಂಗಡಿಯ ಗಂಡಸರು ತಮ್ಮ ರತ್ನಗಳನ್ನು ಬಿಸ್ಕತ್ತಿನ ಟಿನ್ನಿನಲ್ಲಿ, ಶೂ ಡಬ್ಬಿಯಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಡುತ್ತಿದ್ದರು. ಒಂದನ್ನು ನೋಡಬೇಕಾದರೆ ಹತ್ತನ್ನು ಎತ್ತಬೇಕು. ಒಂದಕ್ಕೊಂದು ಉಜ್ಜಿ ಗೀರು ಬೇರೆ. ಜಲಜಮ್ಮನಿಗೆ ಇದನ್ನು ನೋಡಿ ಮೈ ಉರಿಯಿತು. ''ಇಷ್ಟು ಖರ್ಚು ಮಾಡಿ ಯಾರಿಗೂ ಕಾಣದ ಹಾಗೆ ಇಡೋದಾದ್ರೆ ಯಾಕೆ ತರ್ಸ್ಬೇಕಿತ್ತು'' ಎಂದು ಮನೆಗೆ ಬಂದವರೇ ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆದರು.

ಗುಂಡಪ್ಪನವರ ಕಾಲೇಜಿನ ಅಗಲ ಬೆನ್ನಿನ ಫೈಲು ಒಂದು. ಊಟದ ಮೇಜಿಗೆ ಹಾಸುವ, ಮೀಟರಿನ ಲೆಕ್ಕದಲ್ಲಿ ಸಿಗುವ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕು. ಮೊದಲನೇ ಪುಟ ಹೊಲಿದಾಗ ಸೂಜಿ ಮುರಿಯಿತು. ಪ್ಲಾಸ್ಟಿಕ್ಕು ಮೆಷಿನ್ನಿನ ಕಾಲಿಗೆ ಅಂಟಿಕೊಂಡು ಮುಂದೆ ಜಾರುವುದೇ ಇಲ್ಲ. ಅದಕ್ಕೆ ಕಾಲಿನ ಕೆಳಗೆ ಪಟ್ಟಿ ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದರು. ಎರಡನೇ ಪುಟದಲ್ಲಿ ಜೇಬಿನ ಬಾಯಿ ಮೇಲೆ ಇಟ್ಟರು. ಬೈಂಡರ್ ತಲೆಕೆಳಗಾದರೆ ಸ್ಲ್ಯಾಬೆಲ್ಲ ನೆಲಕ್ಕೆ. ಮೂರನೆಯದರಲ್ಲಿ ಬಾಯಿಯನ್ನು ಒಳಗಡೆಗೆ, ಫೈಲಿನ ಬೆನ್ನಿನ ಕಡೆಗೆ ತಿರುಗಿಸಿದರು. ಪುಟಕ್ಕೆ ನಾಲ್ಕು ಜೇಬು, ಮೇಲೆ ಎರಡು ಕೆಳಗೆ ಎರಡು, ಪುಟ ಜೋಲದಂತೆ ತುದಿಗೊಂದು ಬಿದಿರು ಕಡ್ಡಿ. ಕುಲುಕಿದರೂ ಬೀಳಲಿಲ್ಲ. ತಲೆಕೆಳಗೆ ಮಾಡಿ ಕುಲುಕಿದರೂ ಬೀಳಲಿಲ್ಲ. ಗಂಡನ ಮುಂದೆ ಹಿಡಿದು ಕುಣಿಸಿದರು. ''ಪೇಟೆಂಟ್ ತೊಗೋ'' ಎಂದು ಗುಂಡಪ್ಪ ತಮಾಷೆ ಮಾಡಿದರೂ ಬಿದಿರು ಕಡ್ಡಿಯನ್ನು ಎರಡು ಸಲ ಮುಟ್ಟಿ ನೋಡಿದರು.

ಕ್ವೆಕ್ ನೋಡಿದ. ಪುಟ ಮಗುಚಿದ, ಇನ್ನೊಂದು ಮಗುಚಿದ. ''ಆಂಟಿ, ಇದನ್ನ ನೋಡಿ ನನಗೆ ಅಳು ಬರ್ತಿದೆ ಲಾ'' ಎಂದ. ಆರು ತಿಂಗಳಲ್ಲಿ ಬೆಡೋಕ್‌ನ ಆ ಅಂಗಡಿಗೆ ಬರುವ ಪ್ರತಿಯೊಬ್ಬನ ಮನೆಯಲ್ಲೂ ಜಲಜಮ್ಮ ಹೊಲಿದ ಬೈಂಡರ್ ಇತ್ತು. ಅಲ್ಲಿಯವರೆಗೆ ನುಗ್ಗೇಕಾಯಿ ಆಂಟಿ ಎಂದು ಹಿಂದಿನಿಂದ ನಗುತ್ತಿದ್ದವರು ಈಗ ಅವರು ಬಂದರೆ ಸ್ಟೂಲು ಬಿಟ್ಟುಕೊಡುತ್ತಿದ್ದರು. ಜಲಜಮ್ಮ ಸ್ಟೂಲಿನ ಮೇಲೆ ಕೂತು, ಮುಂಗೋಪಿ ಯಾಕೆ ಈ ಸಲ ಫೇಲಾದ ಎಂದು ಅವರಿಗೆಲ್ಲ ವಿವರಿಸುತ್ತಿದ್ದರು.

1997ರ ಡಿಸೆಂಬರಿನಲ್ಲಿ ಕಲ್ಲಾಂಗ್‌ನ ಒಂದು ಹಾಲಿನಲ್ಲಿ ಕಾರ್ಡು ಸಂಗ್ರಾಹಕರ ದೊಡ್ಡ ಪ್ರದರ್ಶನ ನಡೆಯುವುದೆಂದು ಗೊತ್ತಾಯಿತು. ಹತ್ತು ಕ್ಲಬ್ಬುಗಳಿಗೆ ಹತ್ತು ಟೇಬಲ್ಲು, ಗ್ರೇಡ್ ಆದ ಕಾರ್ಡುಗಳು ಮಾತ್ರ. ಕ್ವೆಕ್‌ನ ಅಂಗಡಿಯ ಇಪ್ಪತ್ನಾಲ್ಕು ಜನರ ಗುಂಪಿಗೂ ಒಂದು ಟೇಬಲ್ಲು ಸಿಕ್ಕಿತು. ಒಬ್ಬೊಬ್ಬರ ಅತ್ಯುತ್ತಮ ಕಾರ್ಡು ಒಂದೊಂದು, ಎಲ್ಲ ಸೇರಿ ಒಂದೇ ಬೈಂಡರಿನಲ್ಲಿ. ಯಾರು ಜೋಡಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಎಲ್ಲರ ಕಣ್ಣೂ ಸ್ಟೂಲಿನ ಕಡೆ ತಿರುಗಿದವು.

ಬದರಿನಾಥ್ ಒಬ್ಬರು ಮಾತ್ರ ಗಂಟಲು ಸರಿಮಾಡಿಕೊಂಡರು. ಆ ಗುಂಪಿನಲ್ಲಿ ಜಲಜಮ್ಮನಲ್ಲದೆ ಇದ್ದ ಇನ್ನೊಬ್ಬ ಕನ್ನಡಿಗ ಅವರು. ಬ್ಯಾಂಕಿನ ದೊಡ್ಡ ಅಧಿಕಾರಿ, ಇಸ್ತ್ರಿ ಮುರಿಯದ ಅಂಗಿ. ಕಾರ್ಡಿಗೆ ಒಂಬತ್ತು ಬಂದಾಗ ಆಫೀಸಿಗೆ ರಜೆ ಹಾಕಿದ್ದವರು. ''ಜಲಜಾ ಅವ್ರೇ, ನಂದು ಒಂಬತ್ತು. ಇದನ್ನ ಕೊಡೋದು ಅಂದ್ರೆ ನಾನು ಮಗೂನ ಕೊಟ್ಟ ಹಾಗೆ'' ಎಂದರು. ಜಲಜಮ್ಮ ಕೈ ಚಾಚಿ, ''ಕೊಡಿ. ನನ್ನ ರೇಷ್ಮೆ ಸೀರೆಗಿಂತ ಹುಷಾರಾಗಿ ಇಟ್ಕೋತೀನಿ'' ಎಂದರು. ಹೇಳಿದ ಹಾಗೆಯೇ ಇಟ್ಟರು ಎಂಬುದೇ ಮುಂದೆ ಫಜೀತಿಯಾದದ್ದು.

ಜೋಡಿಸಿದ್ದು ಥೇಟ್ ದಸರಾ ಗೊಂಬೆ ಕೂರಿಸುವ ಶ್ರದ್ಧೆಯಲ್ಲಿ. ಮೈಸೂರಿನವರಿಗೆ ಹೇಳಿಕೊಡಬೇಕೇ. ಪಟ್ಟದ ಗೊಂಬೆಯ ಜಾಗದಲ್ಲಿ ಯಾರು, ಪಕ್ಕದಲ್ಲಿ ಯಾರು, ಕೆಂಪು ಬನಿಯನ್ನಿನ ಪಕ್ಕ ನೀಲಿ ಇರಬೇಕೋ ಹಳದಿಯೋ, ಒಬ್ಬರಿಗೊಬ್ಬರು ಬೆನ್ನು ಮಾಡಿ ಓಡುವಂತಿರಬಾರದು, ಎದುರುಬದುರು ನೋಡುವಂತಿರಬೇಕು. ನಾಲ್ಕು ದಿನ ಇದೇ ಕೆಲಸ. ಗುಂಡಪ್ಪನವರಿಗೆ ಎರಡು ದಿನ ಅದೇ ತಿಳಿಸಾರು. ಆರು ಪುಟ, ಇಪ್ಪತ್ನಾಲ್ಕು ಜೇಬು, ಕಟ್ಟಕಡೆಯ ಜೇಬಿನಲ್ಲಿ ಗುಂಪಿನ ಏಕೈಕ ಹತ್ತು: ಬೀಗರು. ಮುಗಿಸಿ ಮೊದಲಿಂದ ಪುಟ ಮಗುಚಿದಾಗ ಜಲಜಮ್ಮನಿಗೆ ತಮ್ಮ ಮೇಲೆ ತಮಗೇ ಹೆಮ್ಮೆಯಾಯಿತು. ಯಾಕಾಗಬಾರದು.

ಪ್ರದರ್ಶನಕ್ಕೆ ಇನ್ನೂ ಹನ್ನೆರಡು ದಿನ. ಬೈಂಡರನ್ನು ಮೇಜಿನ ಮೇಲೆ ಬಿಡುವುದುಂಟೇ? ಹಿಂದಿನ ತಿಂಗಳಷ್ಟೇ ಅಂಗಡಿಯಲ್ಲಿ ಒಬ್ಬನ ಹಳೆಯ ಕಾರ್ಡುಗಳನ್ನು ಬೆಳ್ಳಿ ಬಣ್ಣದ ಹುಳ ತಿಂದು ಜರಡಿ ಮಾಡಿದ್ದನ್ನು ಕಣ್ಣಾರೆ ನೋಡಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗ ಒಂದೇ: ಮಂಚದಡಿಯ ಟ್ರಂಕು. ಅದರಲ್ಲಿ ಮದುವೆಯ ಸೀರೆಗೆ ಇಪ್ಪತ್ತೇಳು ವರ್ಷದಿಂದ ಒಂದು ನೂಲು ಹೋಗಿಲ್ಲ, ಗೊಂಬೆಗಳಿಗೆ ಒಂದು ಜಿರಲೆ ಮುಟ್ಟಿಲ್ಲ. ಬೈಂಡರನ್ನು ಒಗೆದು ಮೆತ್ತಗಾದ ಮಲ್ ಪಂಚೆಯಲ್ಲಿ ಸುತ್ತಿದರು. ಸುತ್ತುವ ಮುಂಚೆ, ಸೀರೆಯ ಮಡಿಕೆ ಮಡಿಕೆಗೂ ಇಡುವ ಹಾಗೆಯೇ, ಪುಟಪುಟದ ನಡುವೆಯೂ ನುಸಿಗುಳಿಗೆ ಇಟ್ಟರು. ಒಂದಲ್ಲ, ಎರಡೆರಡು. ಪರರ ವಸ್ತು ನೋಡಿ, ಕಡಿಮೆಯಾಗಬಾರದು.

ಗುರುವಾರ ಬೆಳಿಗ್ಗೆ, ಪ್ರದರ್ಶನಕ್ಕೆ ಎರಡು ದಿನ ಇರುವಾಗ, ಒಂದು ಸಲ ಕಣ್ತುಂಬ ನೋಡೋಣ ಎಂದು ಟ್ರಂಕು ಎಳೆದರು. ಪಂಚೆ ಬಿಚ್ಚಿದರು. ಬೈಂಡರ್ ತೆರೆದರೆ ಪುಟ ಬರಲಿಲ್ಲ. ಎಳೆದರೆ ಚರ್ ಎಂದು ಸದ್ದು. ಜೇಬುಗಳು ಸ್ಲ್ಯಾಬಿಗೆ ಅಂಟಿಕೊಂಡಿದ್ದವು, ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಜಿಗುಟು. ಒಂದು ಸ್ಲ್ಯಾಬನ್ನು ಬಿಡಿಸಿ ಹೊರಗೆ ತೆಗೆದರು. ಕನ್ನಡಿಯಂತಿದ್ದ ಪ್ಲಾಸ್ಟಿಕ್ಕಿನ ಮೇಲೆ ಹಾಲಿನ ಕೆನೆಯಂಥ ಮಬ್ಬು. ಒಳಗೆ ಯಾವ ಆಟಗಾರನಿದ್ದಾನೆ, ಎಷ್ಟು ಅಂಕ, ಏನೂ ಕಾಣದು. ಎರಡನೆಯದೂ ಹಾಗೆ. ಇಪ್ಪತ್ನಾಲ್ಕೂ ಹಾಗೆ.

''ರೀ'' ಎಂದು ಕೂಗಿದರು. ಕಾಲೇಜಿಗೆ ಹೊರಟಿದ್ದ ಗುಂಡಪ್ಪ ಚಪ್ಪಲಿ ಮೆಟ್ಟಿಕೊಂಡೇ ರೂಮಿಗೆ ಬಂದರು. ಸ್ಲ್ಯಾಬ್ ಮೂಸಿದರು. ''ಜಲಜಾ, ಇದಕ್ಕೆ ನುಸಿಗುಳಿಗೆ ಹಾಕಿದ್ಯಾ?''

''ಹುಳ ಬರಬಾರ್ದು ಅಂತ.''

''ಅದರ ಆವಿ ಈ ಥರ ಪ್ಲಾಸ್ಟಿಕ್ಕನ್ನ ಕರಗಿಸತ್ತೆ ಕಣೇ. ಮುಚ್ಚಿದ ಟ್ರಂಕಲ್ಲಿ ಹತ್ತು ದಿನ ಅಂದ್ರೆ... ನನ್ನ ಫಸ್ಟ್ ಇಯರ್ ಹುಡುಗರಿಗೂ ಗೊತ್ತು ಇದು.''

''ನಿಮ್ಮ ಫಸ್ಟ್ ಇಯರ್ ಹುಡುಗರು ನನ್ನ ಟ್ರಂಕು ನೋಡಕ್ಕೆ ಬಂದಿದ್ರಾ? ಇದೇ ಮನೇಲಿರೋ ಪ್ರೊಫೆಸರ್ ಒಂದು ಸಲ ಬಗ್ಗಿ ನೋಡಿದ್ರೆ ಸಾಕಿತ್ತು.''

ಗುಂಡಪ್ಪ ಚಪ್ಪಲಿ ಬಿಚ್ಚಿದರು. ಇಪ್ಪತ್ತೇಳು ವರ್ಷದ ಸಂಸಾರ, ಅಷ್ಟು ವಿವೇಕ ಅವರಿಗಿದೆ. ಅವತ್ತು ಕಾಲೇಜಿಗೆ ರಜೆ ಹಾಕಿದರು.

ಜಲಜಮ್ಮ ಮಂಚದ ಮೇಲೆ ಕೂತರು. ತಮ್ಮ ಹತ್ತು ಹೋಯಿತಲ್ಲ ಎಂಬುದು ಆ ಹೊತ್ತಿನಲ್ಲಿ ಅವರ ತಲೆಗೆ ಬರಲೇ ಇಲ್ಲ. ಇಪ್ಪತ್ಮೂರು ಜನ ಕೈಗೆ ಕೊಟ್ಟಿದ್ದರು. ರಸೀದಿ ಕೇಳಲಿಲ್ಲ, ಕಾಗದ ಬರೆಸಿಕೊಳ್ಳಲಿಲ್ಲ. ಆಂಟಿ ಎಂದು ಕೊಟ್ಟಿದ್ದರು. ಆ ಅಂಗಡಿಯಲ್ಲಿ ಇನ್ನು ತಲೆ ಎತ್ತಿ ನಿಲ್ಲುವುದು ಹೇಗೆ? ಬಣ್ಣಬಣ್ಣದ ಬುಧವಾರಗಳು, ಆ ಸ್ಟೂಲು, ಆ ಹರಟೆ, ಎಲ್ಲ ಮುಗಿದಂತೆಯೇ. ನಾಲ್ಕು ನಿಮಿಷ ಅತ್ತರು. ಐದನೇ ನಿಮಿಷಕ್ಕೆ ಮೂಗು ಒರೆಸಿಕೊಂಡು ಫೋನ್ ಎತ್ತಿದರು. ''ಮಿಸ್ಟರ್ ಕ್ವೆಕ್, ತಪ್ಪಾಗಿದೆ. ದೊಡ್ಡ ತಪ್ಪು. ಎಲ್ಲರನ್ನೂ ಸಂಜೆ ಅಂಗಡಿಗೆ ಕರೀರಿ, ನಾನೇ ಬಂದು ಹೇಳ್ತೀನಿ.''

ಗಂಡ ಹೆಂಡತಿ ಇಬ್ಬರೂ ಹೊರಟರು. ದ್ವೀಪದ ಆ ತುದಿಯವರೆಗೆ ಜಲಜಮ್ಮ ಬೈಂಡರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನುಸಿಗುಳಿಗೆಯ ವಾಸನೆಗೆ ಟ್ರೈನಿನಲ್ಲಿ ಅಕ್ಕಪಕ್ಕದವರು ಎದ್ದು ಹೋಗಿ ಆಚೆ ಸೀಟಿನಲ್ಲಿ ಕೂತರು.

ಅಂಗಡಿ ಚಿಕ್ಕದು, ಜನ ಬಾಗಿಲಾಚೆಗೂ ನಿಂತಿದ್ದರು. ಜಲಜಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಏನು ಮಾಡಿದೆ, ಯಾಕೆ ಮಾಡಿದೆ, ಏನಾಗಿದೆ, ಮೂರು ವಾಕ್ಯದಲ್ಲಿ ಹೇಳಿ ಬೈಂಡರನ್ನು ಗಾಜಿನ ಕೌಂಟರಿನ ಮೇಲೆ ಬಿಚ್ಚಿಟ್ಟರು. ಒಬ್ಬ ತನ್ನ ಸ್ಲ್ಯಾಬನ್ನು ಹುಡುಕಿದ. ಯಾವುದು ಯಾರದೆಂದು ಗೊತ್ತಾಗದೆ ಸುಮ್ಮನೆ ನಿಂತ. ಜಲಜಮ್ಮನಿಗೆ ಕ್ರಮ ಬಾಯಿಪಾಠ. ಇದು ನಿಮ್ಮದು, ಇದು ಇವರದು ಎಂದು ತೋರಿಸಿದರು.

''ಇದೇನು ಸೀರೇನಾ ಜಲಜಾ ಅವ್ರೇ?'' ಎಂದರು ಬದರಿನಾಥ್. ಕನ್ನಡದಲ್ಲೇ ಹೇಳಿದರು, ಬೇರೆಯವರಿಗೆ ಅರ್ಥವಾಗಬಾರದೆಂಬ ಮರ್ಯಾದೆಗೋ ಏನೋ. ಆದರೆ ದನಿ ಎಲ್ಲರಿಗೂ ಅರ್ಥವಾಯಿತು. ಜಲಜಮ್ಮ, ''ನೀವು ಬೈದ್ರೆ ನ್ಯಾಯ. ಬೈರಿ'' ಎಂದರು. ಅವರು ಮುಖ ತಿರುಗಿಸಿಕೊಂಡರು.

ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕ್ವೆಕ್ ಕೇಳಿದ. ಹೊರಗಿನ ಡಬ್ಬಿ ಹೀಗಾದರೆ ಒಳಗಿನ ಕಾರ್ಡಿನ ಗತಿ ಏನು? ಆವಿ ಒಳಗೆ ನುಗ್ಗಿ ಅಚ್ಚಿನ ಬಣ್ಣ ಕದಡಿದ್ದರೆ ಆಟವೇ ಮುಗಿಯಿತು. ಮಬ್ಬಿನ ಮೂಲಕ ನೋಡಿ ಹೇಳಲಾಗದು. ಒಂದನ್ನು ಒಡೆದು ನೋಡಬೇಕು. ಒಡೆದರೆ ಆ ಕಾರ್ಡಿನ ಅಂಕ ಅಲ್ಲಿಗೆ ಮಣ್ಣು.

''ಯಾರದನ್ನ ಒಡೆಯೋದು?'' ಎಂದ ಕ್ವೆಕ್. ಗಂಡಸರೆಲ್ಲ ತಂತಮ್ಮ ಸ್ಲ್ಯಾಬಿನ ಮೇಲೆ ಅಂಗೈ ಮುಚ್ಚಿಕೊಂಡರು. ಬದರಿನಾಥ್ ತಮ್ಮದನ್ನು ಜೇಬಿಗೇ ಇಳಿಸಿದರು.

ಜಲಜಮ್ಮ ಕಡೆಯ ಪುಟ ಬಿಡಿಸಿ ತಮ್ಮದನ್ನು ಎತ್ತಿಕೊಟ್ಟರು. ''ನಂದು.''

''ಆಂಟಿ, ಅದು ಹತ್ತು ಲಾ. ನಮ್ಮಲ್ಲಿರೋದು ಅದೊಂದೇ ಹತ್ತು.''

''ಗೊತ್ತು. ನಾನು ತಾನೇ ಕಳ್ಸಿದ್ದು. ಒಡೀರಿ, ತಡ ಮಾಡಿದ್ರೆ ನಾನು ಮನಸ್ಸು ಬದಲಾಯ್ಸ್ತೀನಿ.''

ಕ್ವೆಕ್ ಇಕ್ಕಳ ತಂದ. ಅದು ಎರಡು ಸಲ ಜಾರಿತು. ಕೊನೆಗೆ ಗುಂಡಪ್ಪ ಇಕ್ಕಳ ತೆಗೆದುಕೊಂಡು ಮೂಲೆಯಲ್ಲಿ ಹಿಡಿದು ಒತ್ತಿದರು. ಠಪ್ ಎಂದು ಒಡೆಯಿತು. ಜಲಜಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಮೊದಲು ಕೇಳಿಸಿದ್ದು ಯಾರೋ ಉಸಿರು ಎಳೆದುಕೊಂಡ ಸದ್ದು. ಕಣ್ಣು ಬಿಟ್ಟರೆ ಕ್ವೆಕ್‌ನ ಅಂಗೈ ಮೇಲೆ ಬೀಗರು ಕಾಲು ಚಾಚಿ ಕೂತಿದ್ದ. ಬನಿಯನ್ನಿನ ಹಸಿರು ಹಸಿರಾಗಿಯೇ ಇತ್ತು, ಟವೆಲ್ ಬೆಳ್ಳಗೆ. ಒಂದು ಚುಕ್ಕೆಯಿಲ್ಲ, ಕಲೆಯಿಲ್ಲ.

ಆಗ ಅಂಗಡಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಓಡಿ ಬಂದ. ಇಪ್ಪತ್ಮೂರು ಜನರಿಗೂ ಹೋದ ಜೀವ ಬಂದಿತ್ತು. ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಯಾರೋ ಜಲಜಮ್ಮನ ಕೈ ಹಿಡಿದು ಕುಲುಕಿದ. ಗುಂಡಪ್ಪ ಮಾತ್ರ ಒಡೆದ ಡಬ್ಬಿಯ ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದರು. ''ಇದರ ಮೇಲೆ ಏನಾದ್ರೂ ಟ್ರೈ ಮಾಡಬಹುದು. ಮಬ್ಬು ಮೇಲ್ಗಡೆ ಮಾತ್ರ ಇದ್ದ ಹಾಗಿದೆ'' ಎಂದರು. ಹೆಂಡತಿಯ ಕಡೆ ನೋಡದೆ, ತಗ್ಗಿದ ದನಿಯಲ್ಲಿ, ''ಬಗ್ಗಿ ನೋಡಬೇಕಿತ್ತು ನಾನು'' ಎಂದೂ ಸೇರಿಸಿದರು.

ಮನೆಗೆ ಬಂದು ಅಡುಗೆಮನೆಯ ಕಟ್ಟೆಯೇ ಲ್ಯಾಬಾಯಿತು. ಸೋಪಿನ ನೀರು ಸೋತಿತು. ಹಲ್ಲುಪುಡಿ ಗೀರು ಬೀಳಿಸಿತು. ಟೂತ್‌ಪೇಸ್ಟು ಅರ್ಧ ಗೆದ್ದಿತು. ಕೊನೆಗೆ ದೇವರ ಸಾಮಾನಿಗೆ ಹಚ್ಚುವ ಹಿತ್ತಾಳೆ ಪಾಲಿಶ್ ಒಂದು ತೊಟ್ಟು ಹಾಕಿ, ಮಲ್ ಪಂಚೆಯ ಚೂರಿನಲ್ಲಿ ಸುತ್ತಸುತ್ತಿ ಉಜ್ಜಿದರೆ, ಚೂರಿನ ಹಿಂದಿದ್ದ ಗುಂಡಪ್ಪನವರ ಹೆಬ್ಬೆರಳು ಉಗುರು ಸಮೇತ ಕಂಡಿತು. ಗುಂಡಪ್ಪನವರು ಅವತ್ತು ಮಾತ್ರ ಕುಣಿದದ್ದು. ಎರಡೇ ಹೆಜ್ಜೆ, ಆದರೂ ಕುಣಿತವೇ.

ಶುಕ್ರವಾರ ಬುಕಿತ್ ಬಾಟೋಕ್‌ನ ಹನ್ನೊಂದನೇ ಮಹಡಿ ಮದುವೆಮನೆಯಾಯಿತು. ಲಿಫ್ಟಿನ ಬಾಗಿಲು ತೆರೆದಾಗೆಲ್ಲ ಇಬ್ಬರೋ ಮೂವರೋ ಕೈಯಲ್ಲಿ ಸ್ಲ್ಯಾಬ್ ಹಿಡಿದು ಬರುವರು. ಬಾಗಿಲ ಮುಂದೆ ಚಪ್ಪಲಿ ರಾಶಿ. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಎಲ್ಲರೂ ಉಜ್ಜುವುದು: ಟ್ಯಾಕ್ಸಿ ಓಡಿಸುವವರು, ದಂತವೈದ್ಯರು, ನಿವೃತ್ತ ಪೊಲೀಸು, ಕ್ವೆಕ್. ಗುಂಡಪ್ಪ ತೊಟ್ಟು ತೊಟ್ಟಾಗಿ ಪಾಲಿಶ್ ಹಂಚುತ್ತಾ, ''ಒತ್ತಬೇಡಿ, ಸುತ್ತಿಸಿ'' ಎಂದು ಪಾಠ ಹೇಳುತ್ತಾ ಓಡಾಡಿದರು. ಒಳಗೆ ಮೆಷಿನ್ನು ನಿಲ್ಲಲೇ ಇಲ್ಲ. ಅಂಟಿಹೋದ ಆರೂ ಪುಟ ಕಸಕ್ಕೆ ಹೋಗಿತ್ತು, ಆರು ಹೊಸ ಪುಟ ಹೊಲಿಯಬೇಕಿತ್ತು. ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಸಂಹಿತಾ ಆಫೀಸಿನಿಂದ ಬಂದು, ತಾನು ಎಸೆದ ಕಾರ್ಡಿನಿಂದ ಮನೆಗೆ ಬಂದ ಈ ಜನಸಾಗರ ನೋಡಿ, ''ಅಮ್ಮಾ, ಯು ಸೀರಿಯಸ್ ಆ?'' ಎಂದು ಚೀಲ ಇಟ್ಟು ಚಿತ್ರಾನ್ನ ಬಡಿಸಲು ನಿಂತಳು. ಪೊಲೀಸಿನವರು ಮೂರು ಸಲ ಹಾಕಿಸಿಕೊಂಡರು. ಒಂದೊಂದು ಸ್ಲ್ಯಾಬು ಮಬ್ಬು ಕಳಚಿ ಅಂಕ ಕಂಡಾಗಲೂ ಒಂದು ಕೂಗು: ಎಂಟು ಬಂತು, ಒಂಬತ್ತು ಬಂತು. ತಮಗೆ ಗೊತ್ತಿದ್ದ ಅಂಕವನ್ನೇ ಹೊಸದಾಗಿ ಪಡೆದ ಹಾಗೆ ಖುಷಿ.

ಬದರಿನಾಥ್ ಮಾತ್ರ ಬರಲಿಲ್ಲ. ಸಾಯಂಕಾಲ ಅವರ ಡ್ರೈವರು ಲಕೋಟೆಯಲ್ಲಿ ಸ್ಲ್ಯಾಬು ತಂದುಕೊಟ್ಟು ಹೋದ. ಜೊತೆಗೆ ಚೀಟಿಯಿಲ್ಲ. ಜಲಜಮ್ಮ ಅದನ್ನು ತಾವೇ ಕೂತು, ಬೇರೆ ಎಲ್ಲಕ್ಕಿಂತ ಎರಡರಷ್ಟು ಹೊತ್ತು ಉಜ್ಜಿದರು.

ಶನಿವಾರ ಕಲ್ಲಾಂಗ್. ಹಾಲಿನ ಬಾಗಿಲು ತೆರೆಯುವ ಮುಂಚೆಯೇ ಹೊರಗೆ ಸಾಲು. ಒಂಬತ್ತು ಟೇಬಲ್ಲುಗಳ ಮೇಲೆ ಸ್ಲ್ಯಾಬುಗಳನ್ನು ಸಾಲಾಗಿ ಮಲಗಿಸಿದ್ದರು, ಗಾಜು ಮುಚ್ಚಿದ್ದರು, ನೋಡುವವರು ಬಗ್ಗಿ ನೋಡಿ ಮುಂದೆ ಹೋಗುತ್ತಿದ್ದರು. ಹತ್ತನೇ ಟೇಬಲ್ಲಿನಲ್ಲಿ ಸೀರೆ ಉಟ್ಟ ಹೆಂಗಸೊಬ್ಬರು ಪುಟ ಮಗುಚುತ್ತಿದ್ದರು. ಜನ ಅಲ್ಲೇ ನಿಂತುಬಿಟ್ಟರು. ಒಂದು ಪುಟ ಆದಮೇಲೆ ಇನ್ನೊಂದರಲ್ಲಿ ಯಾರಿದ್ದಾರೋ ಎಂಬ ಕಾತರ ಬೇರೆ ಟೇಬಲ್ಲಿನಲ್ಲಿ ಎಲ್ಲಿ ಬರಬೇಕು. ಮಧ್ಯಾಹ್ನದ ಹೊತ್ತಿಗೆ ಸಾಲು ಹಾಲಿನ ಕಂಬ ಸುತ್ತಿ ಹೋಗಿತ್ತು.

ಆರನೇ ಪುಟದ ಕಡೆಯ ಜೇಬು ಖಾಲಿಯಿತ್ತು. ಗ್ರೇಡ್ ಆಗದ ಕಾರ್ಡು ಇಡುವಂತಿಲ್ಲವೆಂದು ನಿಯಮ. ಅಂಗಡಿಯ ಬೇರೊಂದು ಒಳ್ಳೆಯ ಸ್ಲ್ಯಾಬು ಅಲ್ಲಿಡೋಣ ಎಂದು ಕ್ವೆಕ್ ಹೇಳಿದ್ದಕ್ಕೆ ಜಲಜಮ್ಮ, ''ಬೇಡ, ಹಾಗೇ ಇರಲಿ'' ಎಂದಿದ್ದರು. ಅದೊಂದು ಯಾಕೆ ಖಾಲಿ ಎಂದು ಪ್ರತಿಯೊಬ್ಬರೂ ಕೇಳುವರು. ಕ್ವೆಕ್ ಪ್ರತಿಯೊಬ್ಬರಿಗೂ ಕಥೆ ಹೇಳುವನು, ಪ್ರತಿ ಸಲವೂ ಸ್ವಲ್ಪ ಒಗ್ಗರಣೆ ಜಾಸ್ತಿ. ಸಂಜೆಯ ಹೊತ್ತಿಗೆ ಇಕ್ಕಳ ಸುತ್ತಿಗೆಯಾಗಿತ್ತು. ಕಥೆ ಕೇಳಿದವರು ಆ ಕಾರ್ಡು ನೋಡಬೇಕೆಂದರೆ ಜಲಜಮ್ಮ ಪರ್ಸಿನಿಂದ ಬೀಗರನ್ನು ತೆಗೆದು ಬರಿಗೈಗೆ ಕೊಡುವರು. ಕಾರ್ಡು ಕೂಡಿಡುವವರು ಬೆಚ್ಚಿ ಕೈ ಹಿಂದಕ್ಕೆಳೆದರೆ, ''ಹಿಡ್ಕೊಳ್ಳಿ, ಏನೂ ಆಗಲ್ಲ'' ಎನ್ನುವರು. ಸಂಜೆಗೆ ಕಾರ್ಡಿನ ಒಂದು ಮೂಲೆ ಮೆತ್ತಗಾಗಿ ಮಡಿಸಿಕೊಂಡಿತ್ತು. ಕ್ವೆಕ್ ಅದನ್ನು ನೋಡಿ ಹೃದಯ ಹಿಡಿದುಕೊಂಡ. ಜಲಜಮ್ಮನಿಗೂ ಒಂದು ಕ್ಷಣ ಚುರುಕ್ಕೆಂದಿತು, ಸುಳ್ಳು ಯಾಕೆ. ಮಾರ್ಕ್ಸ್ ಹಾಕುವವರ ಕೈಗೆ ಇನ್ನು ಈ ಕಾರ್ಡು ಹೋಗುವಂತಿಲ್ಲ.

ಆರು ಗಂಟೆಗೆ ಮುಗಿಯಿತು. ಗುಂಡಪ್ಪ ಟೇಬಲ್ಲಿನ ಬಟ್ಟೆ ಮಡಚುತ್ತಿದ್ದರು. ಎಲ್ಲರೂ ಬಂದು ತಮ್ಮ ತಮ್ಮ ಕಾರ್ಡು ಒಯ್ಯಬೇಕಾದ ಹೊತ್ತು. ಜಲಜಮ್ಮ ಆ ಹೊತ್ತಿಗಾಗಿ ಬೆಳಗಿನಿಂದ ಒಳಗೊಳಗೇ ಹೆದರಿದ್ದರು. ಉಜ್ಜಿ ಹೊಳಪು ತಂದದ್ದು ಸರಿ, ಪ್ರದರ್ಶನ ಗೆದ್ದದ್ದು ಸರಿ. ಇನ್ನು ಮುಂದೆ ಇವರು ತಮ್ಮ ಕೈಗೆ ಏನನ್ನಾದರೂ ಕೊಡುತ್ತಾರೆಯೇ ಎಂಬುದು ಗೊತ್ತಾಗುವುದು ಈಗ. ಬೈಂಡರನ್ನು ಬಿಚ್ಚಿಟ್ಟು ಪಕ್ಕಕ್ಕೆ ಸರಿದು ನಿಂತರು.

ಎಲ್ಲರಿಗಿಂತ ಮೊದಲು ಬಂದದ್ದು ಬದರಿನಾಥ್. ಗುಂಪು ಬಿಟ್ಟುಕೊಟ್ಟು ದಾರಿ ಮಾಡಿತು. ನಾಲ್ಕನೇ ಪುಟ ತೆರೆದು, ಜೇಬಿನೊಳಗೆ ಎರಡು ಬೆರಳು ತೂರಿಸಿ ತಮ್ಮ ಒಂಬತ್ತನ್ನು ಹೊರಗೆ ತೆಗೆದರು. ದೀಪಕ್ಕೆ ಹಿಡಿದು ಮುಂದೆ ನೋಡಿದರು, ಹಿಂದೆ ನೋಡಿದರು, ಅಂಚಿನ ಮೇಲೆ ಉಗುರು ಆಡಿಸಿದರು. ಜಲಜಮ್ಮ ನೆಲ ನೋಡುತ್ತಿದ್ದರು.

ಬದರಿನಾಥ್ ಸ್ಲ್ಯಾಬನ್ನು ಕರವಸ್ತ್ರದಿಂದ ಒಂದು ಸಲ ಒರೆಸಿದರು. ಆಮೇಲೆ ಅದೇ ನಾಲ್ಕನೇ ಪುಟದ ಅದೇ ಜೇಬಿನೊಳಗೆ ಮತ್ತೆ ಇಳಿಸಿ, ಹೊರಗಿನಿಂದ ಅಂಗೈಯಲ್ಲಿ ಒತ್ತಿ ಕೂರಿಸಿದರು.

''ಮುಂದಿನ ವರ್ಷ ನಂದನ್ನ ಮೊದಲನೇ ಪುಟದಲ್ಲಿ ಹಾಕಿ ಜಲಜಾ ಅವ್ರೇ'' ಎಂದರು. ''ನಾಲ್ಕನೇ ಪುಟದವರೆಗೆ ಜನಕ್ಕೆ ತಾಳ್ಮೆ ಇರಲ್ಲ.''

ಅವರ ಹಿಂದೆ ಸಾಲಿನಲ್ಲಿದ್ದ ದಂತವೈದ್ಯರು ಕನ್ನಡ ಬಾರದಿದ್ದರೂ ನಡೆದದ್ದು ನೋಡಿ, ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಟ್ಯಾಕ್ಸಿಯವರೂ ತೆಗೆದುಕೊಂಡರು. ಜಲಜಮ್ಮನಿಗೆ ಕಣ್ಣು ತುಂಬಿ ಬಂದು ಬೈಂಡರ್ ಕಾಣಲಿಲ್ಲ. ತಡವಿ ಮುಚ್ಚಿ ಎದೆಗೊತ್ತಿಕೊಂಡರು.

''ಮೊದಲನೇ ಪುಟ ಎಲ್ಲರೂ ಕೇಳ್ತಾರೆ ಬದರಿನಾಥ್'' ಎಂದರು. ''ನೋಡೋಣ.''